ಕಣದ ಬಿಸಿಲೂ ಯಂತ್ರದ ಶಾಖವೂ: ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ಪ್ರಾಂತದಲ್ಲಿ ಧಾನ್ಯವನ್ನು ಒಣಗಿಸಿದ ಪದ್ಧತಿಯ ಇತಿಹಾಸ

೧

ನಮ್ಮ ನಾಡಿನ ಕೃಷಿಯ ಇತಿಹಾಸವನ್ನು ಬರೆದವರು ಭೂಮಿ, ನೀರು, ಕಂದಾಯ ಈ ಮೂರನ್ನು ಕುರಿತು ವಿಸ್ತಾರವಾಗಿ ವಿಚಾರಿಸಿರುವರು. ಬೆಳೆಯನ್ನು ಕೊಯ್ದ ದಿನದಿಂದ ಧಾನ್ಯವು ಕಣಜವನ್ನು ಸೇರುವ ದಿನದವರೆಗೆ ನಡೆಯುವ ಕೆಲಸಗಳ ಕಡೆಗೆ ಅಷ್ಟು ಗಮನ ಹರಿದಿಲ್ಲ. ಈ ಅವಧಿ ಕೆಲವೇ ವಾರಗಳದು. ಆದರೆ ವರ್ಷದ ದುಡಿಮೆಯೆಲ್ಲ ಕೈಗೆ ಹತ್ತುವುದೂ ಕೈಬಿಡುವುದೂ ಈ ವಾರಗಳಲ್ಲಿಯೇ. ಧಾನ್ಯದಲ್ಲಿ ಉಳಿದ ನೀರೇ ಇಲ್ಲಿಯ ಮುಖ್ಯ ಪ್ರಶ್ನೆ. ಹಸಿಯ ರಾಶಿ ತಾನಾಗಿಯೇ ಬಿಸಿಯೇರುತ್ತದೆ, ಬೂಷ್ಟು ಹಿಡಿಯುತ್ತದೆ, ಕಾಳು ಹಳದಿಗೆ ತಿರುಗಿ ಮುಗ್ಗಲು ವಾಸನೆ ಬರುತ್ತದೆ, ಕೆಲವು ವೇಳೆ ರಾಶಿಯಲ್ಲಿಯೇ ಮೊಳಕೆಯೊಡೆಯುತ್ತದೆ. ಈ ನೀರನ್ನು ತೆಗೆಯುವವರು ಯಾರು, ಯಾವುದರಿಂದ ತೆಗೆಯುವರು, ಅದರ ವೆಚ್ಚವನ್ನು ಹೊರುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರಿಸುವೆವು.

ಇದಕ್ಕೆ ಕ್ಷೇತ್ರವಾಗಿ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳನ್ನು ಆರಿಸಿಕೊಂಡಿರುವೆವು. ಇವೆರಡೂ ಕಪಿಲೆಯ ದಡದ ಸೀಮೆಗಳು. ಎರಡನೆಯದರಲ್ಲಿ ಕಪಿಲೆಯು ಕಾವೇರಿಯನ್ನು ಸೇರುವುದು. ನರಸೀಪುರದ ಸಂಗಮದ ಬಳಿ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು ೧೯೫೯-೬೦ ಮತ್ತು ೧೯೬೧-೬೨ರಲ್ಲಿ ನಡೆಸಿದ ಉತ್ಖನನದಿಂದ ಇಲ್ಲಿ ನವಶಿಲಾಯುಗದ ಜನವಸತಿ ಇದ್ದುದು ಖಚಿತವಾಯಿತು. ಮುಂದೆ ಹುಲ್ಲಹಳ್ಳಿಯ ಅಣೆಕಟ್ಟು, ತಲಕಾಡಿನ ಬಳಿಯ ಮಾಧವಮಂತ್ರಿ ಅಣೆಕಟ್ಟು ಮೊದಲಾದವುಗಳ ಕಾಲುವೆಗಳು ಇಲ್ಲಿ ಗದ್ದೆಯ ಬೇಸಾಯವನ್ನು ಬೆಳೆಸಿದುವು. ಕಾಲುವೆಯ ನೀರು ಮುಟ್ಟದ ಬೆದ್ದಲಿನಲ್ಲಿ ರಾಗಿ, ಜೋಳ, ಹುರುಳಿ ನಿಂತುವು. ಗದ್ದೆಯ ಭತ್ತವನ್ನೂ ಬೆದ್ದಲಿನ ರಾಗಿಯನ್ನೂ ಒಂದೇ ಮನೆಯವರು ಒಂದೇ ಕಣದಲ್ಲಿ ಒಣಗಿಸುತ್ತಿದ್ದ ಪ್ರದೇಶವಾದುದರಿಂದ ನಮ್ಮ ವಿಚಾರಕ್ಕೆ ಇದು ತಕ್ಕ ಕ್ಷೇತ್ರವಾಗಿದೆ.

೨

ಮೊದಲು ಹಳೆಯ ಪದ್ಧತಿಯನ್ನು ನೋಡೋಣ. ಅದನ್ನು ‘ಬಿಸಿಲಿಗೆ ಹರಡುವುದು’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ರೂಢಿ. ವಾಸ್ತವವಾಗಿ ಅದು ನಾಲ್ಕು ಹಂತಗಳ ಕೆಲಸ. ಕೊಯ್ದ ಪೈರನ್ನು ಗದ್ದೆಯಲ್ಲಿಯೇ ಅರಿಯಾಗಿ ಹಾಕಿ ಕೆಲವು ದಿನ ಬಿಡುವುದು ಮೊದಲನೆಯದು. ಕಂತೆ ಕಟ್ಟಿ ತಂದು ಮೆದೆ ಒಟ್ಟುವುದು ಎರಡನೆಯದು. ತೆನೆಯನ್ನು ಒಳಮುಖವಾಗಿಟ್ಟು ಒಟ್ಟಿದ ಮೆದೆಯಲ್ಲಿ ಹುಲ್ಲೇ ಕಾಳಿಗೆ ಮರೆಯಾಗುವುದು. ಕಾಳಿನ ತೇವವು ನಿಧಾನವಾಗಿ ಹುಲ್ಲಿಗೆ, ಹುಲ್ಲಿನಿಂದ ಗಾಳಿಗೆ ಹೋಗುವುದು. ಸಗಣಿಯಿಂದ ಸಾರಿಸಿದ ಕಣದಲ್ಲಿ ಮೇಟಿಯ ಸುತ್ತ ಎತ್ತುಗಳನ್ನು ತಿರುಗಿಸಿ ಒಕ್ಕುವುದು ಮೂರನೆಯದು. ರಾಗಿಗಾದರೆ ಕಲ್ಲಿನ ಗುಂಡನ್ನು ಎಳೆಸುವರು. ತೂರಿ ಶುದ್ಧಮಾಡಿದ ಕಾಳನ್ನು ಮತ್ತೆ ತೆಳುವಾಗಿ ಹರಡಿ, ಹಗಲಿನಲ್ಲಿ ಕಾಲಿನಿಂದ ಸಾಲೆಳೆದು ತಿರುವಿ, ಸಂಜೆ ಗುಡ್ಡೆಮಾಡಿ ಮುಚ್ಚುವುದು ನಾಲ್ಕನೆಯದು. ಒಣಗಿತೇ ಇಲ್ಲವೇ ಎಂಬುದನ್ನು ಹಲ್ಲಿನಿಂದ ಕಚ್ಚಿ ನೋಡಿ, ರಾಶಿಯೊಳಗೆ ಕೈಯಿಟ್ಟು ತಿಳಿಯುತ್ತಿದ್ದರು.

ಸಂಜೆ ಗುಡ್ಡೆಮಾಡುವ ಪದ್ಧತಿಯು ಇಬ್ಬನಿಯ ಭಯದಿಂದ ಹುಟ್ಟಿರಬಹುದು; ಆದರೆ ಅದರಿಂದ ಇನ್ನೊಂದು ಪ್ರಯೋಜನವೂ ಇದ್ದಿತು. ಕಾಳಿನ ಹೊರಪದರವು ಬೇಗ ಒಣಗಿ ಒಳಭಾಗ ಹಸಿಯಾಗಿಯೇ ಉಳಿದಾಗ ಕಾಳು ಸೀಳುತ್ತದೆ. ರಾತ್ರಿ ಗುಡ್ಡೆಯಲ್ಲಿದ್ದಾಗ ಒಳಗಿನ ತೇವವು ಹೊರಕ್ಕೆ ಹರಡಿ ಸಮವಾಗುವುದು. ಇದೇ ತತ್ತ್ವವನ್ನು ಯಂತ್ರಶಾಸ್ತ್ರವು ಹೇಗೆ ಮತ್ತೆ ಕಂಡುಕೊಂಡಿತೆಂಬುದನ್ನು ಮುಂದೆ ಹೇಳುವೆವು.

ಡಾಕ್ಟರ್ ಫ್ರಾನ್ಸಿಸ್ ಬುಕಾನನ್ನರು ೧೮೦೦ನೆಯ ಇಸವಿಯಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ, ನಂಜನಗೂಡು, ನರಸೀಪುರಗಳ ಮಾರ್ಗವಾಗಿಯೂ ಹೋದರು. ೧೮೦೭ರಲ್ಲಿ ಪ್ರಕಟವಾದ ಅವರ ಪ್ರವಾಸ ಗ್ರಂಥದಲ್ಲಿ ಶ್ರೀರಂಗಪಟ್ಟಣದ ಸುತ್ತಿನ ಬೇಸಾಯದ ವಿವರಗಳಿವೆ. ಭತ್ತವನ್ನು ಸಿಪ್ಪೆಯ ಸಮೇತ ಶೇಖರಿಸುತ್ತಿದ್ದುದನ್ನೂ, ಹಗೇವು, ಕಣಜಗಳೆಂಬ ಶೇಖರಣೆಯ ವಿಧಾನಗಳನ್ನೂ, ಬೇಯಿಸಿ ಬಿಸಿಲಿನಲ್ಲಿ ಒಣಗಿಸಿ ಕುಟ್ಟಿದ ಅಕ್ಕಿ ಮತ್ತು ಹಸಿ ಅಕ್ಕಿ ಎಂಬ ಭೇದವನ್ನೂ ಅವರು ಗುರುತಿಸಿರುವರು. ಇಲ್ಲಿ ನಮಗೆ ಮುಖ್ಯವಾದುದು ಹಗೇವು. ಗಟ್ಟಿ ನೆಲದಲ್ಲಿ ತೋಡಿದ, ಕಿರಿದಾದ ಬಾಯಿಯುಳ್ಳ ಈ ನೆಲಮಾಳಿಗೆಯಲ್ಲಿ ರಾಗಿಯು ವರ್ಷಗಟ್ಟಲೆ ಕೆಡದೆ ಇರುತ್ತಿದ್ದಿತು. ಒಳಗಿನ ಗಾಳಿಯಲ್ಲಿ ಪ್ರಾಣವಾಯು ಕಡಮೆಯಾಗಿ ಹುಳುಗಳು ಬದುಕಲಾರದುದೇ ಇದಕ್ಕೆ ಕಾರಣ. ಹಗೇವಿಗೆ ಇಳಿಯುವ ಮೊದಲು ದೀಪವನ್ನು ಇಳಿಬಿಟ್ಟು ಅದು ಆರುವುದೇ ಎಂದು ಪರೀಕ್ಷಿಸುತ್ತಿದ್ದುದೂ ಇದರಿಂದಲೇ. ಆದರೆ ಹಸಿಯ ಕಾಳನ್ನು ಹಗೇವು ಕಾಯಲಾರದು. ಹಗೇವಿನ ನಾಡು ಎಂದರೆ ಚೆನ್ನಾಗಿ ಒಣಗಿಸಬಲ್ಲ ನಾಡು ಎಂದೇ ಅರ್ಥಮಾಡಬೇಕು.

ಈ ಸಾಮರ್ಥ್ಯವು ಎಲ್ಲಿಂದ ಬಂದಿತು? ಪಂಚಾಂಗದಿಂದ ಎಂಬುದು ನಮ್ಮ ಅಭಿಪ್ರಾಯ. ಮೈಸೂರಿನ ಮಳೆಗೆ ವರ್ಷದಲ್ಲಿ ಎರಡು ಶಿಖರಗಳುಂಟು: ಒಂದು ಮೇ ತಿಂಗಳು, ಇನ್ನೊಂದು ಅಕ್ಟೋಬರ್. ಡಿಸೆಂಬರಿನಿಂದ ಮಾರ್ಚಿಯವರೆಗೆ ಮಳೆ ಅತ್ಯಲ್ಪ. ಹಳೆಯ ದೀರ್ಘಾವಧಿಯ ಭತ್ತದ ತಳಿಗಳಲ್ಲಿ ಹಲವು ಹಗಲಿನ ಉದ್ದವು ಕಡಮೆಯಾಗುವುದನ್ನು ಅನುಸರಿಸಿ ಹೂಬಿಡುತ್ತಿದ್ದುವು. ಬಿತ್ತನೆಯು ಹತ್ತು ದಿನ ಹಿಂದು ಮುಂದಾದರೂ ಕೊಯ್ಲು ಮಾರ್ಗಶಿರದ ಆಚೀಚೆಗೇ ಬೀಳುತ್ತಿದ್ದಿತು. ಆ ಹೊತ್ತಿಗೆ ಹಿಂಗಾರಿನ ಮಳೆ ಹಿಂದೆಗೆದಿರುತ್ತಿದ್ದಿತು. ಸುಗ್ಗಿಯ ಕೆಲಸವೂ ಸಂಕ್ರಾಂತಿಯ ಹಬ್ಬವೂ ಒಣ ಹವೆಯ ತಿಂಗಳಿನಲ್ಲಿ ಒಟ್ಟಿಗೆ ಬಂದುದು ಆಕಸ್ಮಿಕವಲ್ಲ. ಹೀಗೆ ತಳಿ, ಮಳೆ, ಹಬ್ಬ ಇವು ಒಂದಕ್ಕೊಂದು ಹೊಂದಿಕೊಂಡಿದ್ದ ಸೀಮೆಯಲ್ಲಿ ಬೆಂಕಿಯಿಂದ ಧಾನ್ಯವನ್ನು ಒಣಗಿಸುವ ಆವಶ್ಯಕತೆಯೇ ಹೆಚ್ಚಾಗಿ ಇರಲಿಲ್ಲ. ನಮ್ಮ ಹಿರಿಯರಿಗೆ ಯಂತ್ರದ ಅರಿವಿರಲಿಲ್ಲವೆಂದು ಹೇಳುವುದಕ್ಕಿಂತ, ಅವರು ಕೊಯ್ಲಿನ ಕಾಲವನ್ನೇ ಯಂತ್ರದಂತೆ ಬಳಸಿದರೆಂದು ಹೇಳುವುದು ಸರಿಯಾಗುವುದು.

೩

ಶಾಖದಿಂದ ಒಣಗಿಸುವ ವಿದ್ಯೆಯು ಮೈಸೂರು ಜಿಲ್ಲೆಗೆ ಬರಲಿಲ್ಲವೆಂದಲ್ಲ; ಅದು ಧಾನ್ಯಕ್ಕೆ ಮೊದಲೇ ಬೇರೆ ಎರಡು ಪದಾರ್ಥಗಳಿಗೆ ಬಂದಿತು. ಧಾನ್ಯದ ಕಥೆ ತಿಳಿಯಬೇಕಾದರೆ ಇವೆರಡನ್ನೂ ನೋಡುವುದು ಅವಶ್ಯ.

ಮೊದಲನೆಯದು ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆ ವರ್ಜೀನಿಯ ಹೊಗೆಸೊಪ್ಪನ್ನು ಬೆಳೆಯುವ ರೈತನು ತನ್ನ ಹೊಲದ ಬಳಿಯೇ ಬ್ಯಾರನ್ ಎಂದು ಕರೆಯುವ ಎತ್ತರದ ಕೋಣೆಯನ್ನು ಕಟ್ಟಿರುವನು. ಹೊರಗಿನ ಒಲೆಯಲ್ಲಿ ಸೌದೆ ಉರಿಯುವುದು. ಬಿಸಿಯು ತಗಡಿನ ಕೊಳವೆಗಳಲ್ಲಿ ಕೋಣೆಯೊಳಗೆ ಹಾಯುವುದು. ಹೊಗೆ ಎಲೆಯನ್ನು ಮುಟ್ಟದು. ಮೊದಲು ಎಲೆ ಹಳದಿಯಾಗುವಂತೆ ಮಂದ ಶಾಖ, ಬಳಿಕ ಬಣ್ಣ ನಿಲ್ಲುವಂತೆ ಹೆಚ್ಚಿನ ಶಾಖ, ಕೊನೆಗೆ ದಂಟು ಒಣಗುವಂತೆ ೭೦ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನ ಶಾಖ, ಹೀಗೆ ಹಲವು ದಿನ ಹಗಲಿರುಳೂ ಕಾಯುವರು. ಇವರು ದೊಡ್ಡ ಬಂಡವಾಳಗಾರರಲ್ಲ. ಹೆಚ್ಚಿನವರು ಸಣ್ಣ ಹಿಡುವಳಿದಾರರೇ.

ಎರಡನೆಯದು ರೇಷ್ಮೆಯ ಗೂಡು. ಇದಕ್ಕೆ ಉದಾಹರಣೆ ನಮ್ಮ ಕ್ಷೇತ್ರದೊಳಗೇ ಇದೆ. ೧೯೮೦ರಲ್ಲಿ ಸ್ಥಾಪಿತವಾದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿದ, ಮೈಸೂರು ರೇಷ್ಮೆಗೆ ನೂಲನ್ನೊದಗಿಸುವ ಬಿಚ್ಚಾಣಿಕೆಯ ಕಾರ್ಖಾನೆಯು ನರಸೀಪುರದಲ್ಲಿರುವುದು. ಗೂಡು ಕಟ್ಟಿದ ಹುಳುವು ಸುಮಾರು ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬರುವುದು. ತೂತಾದ ಗೂಡಿನಿಂದ ಉದ್ದನೆಯ ಎಳೆ ಬರದು. ಆದುದರಿಂದ ಆವಿ ಅಥವಾ ಬಿಸಿಗಾಳಿಯಿಂದ ಹುಳುವನ್ನು ಕೊಲ್ಲುವುದೂ, ಗೂಡನ್ನು ಇಟ್ಟುಕೊಳ್ಳಬೇಕಾದರೆ ಪೂರ್ಣವಾಗಿ ಒಣಗಿಸುವುದೂ ಬಿಚ್ಚಾಣಿಕೆಯಲ್ಲಿ ಅನಿವಾರ್ಯವಾದ ಕೆಲಸ. ಚಿಕ್ಕ ಚರಕದ ಮನೆಗಳಲ್ಲಿ ಬಿಸಿಲಿನಿಂದಲೋ ಹಬೆಯಿಂದಲೋ ಮಾಡುತ್ತಿದ್ದ ಈ ಕೆಲಸವನ್ನು ಕಾರ್ಖಾನೆಗಳಲ್ಲಿ ಯಂತ್ರಗಳು ವಹಿಸಿಕೊಂಡುವು.

ಇವೆರಡನ್ನೂ ಹೋಲಿಸಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಹೊಗೆಸೊಪ್ಪಿನಲ್ಲಿ ಒಣಗಿಸುವವನು ಬೆಳೆಗಾರ. ಏಕೆಂದರೆ ಹರಾಜಿನಲ್ಲಿ ಒಣಗಿದ ಎಲೆಯ ಬಣ್ಣ ನೋಡಿ ಬೆಲೆ ಕಟ್ಟುವರು. ಒಣಗಿಸಿದ ಶ್ರಮಕ್ಕೆ ಪ್ರತಿಫಲವು ಅವನಿಗೇ ಬರುವುದು. ರೇಷ್ಮೆಯಲ್ಲಿ ಒಣಗಿಸುವವನು ಕೊಂಡವನು. ಏಕೆಂದರೆ ಬೆಳೆಗಾರನು ಹಸಿಗೂಡನ್ನೇ ಮಾರುಕಟ್ಟೆಗೆ ತಂದು ಕೈತೊಳೆದುಕೊಳ್ಳುವನು. ಮುಂದಿನ ನಷ್ಟ ಕೊಂಡವನದು. ಒಂದರಲ್ಲಿ ಲಾಭವು, ಇನ್ನೊಂದರಲ್ಲಿ ನಷ್ಟದ ಭಯವು ಯಂತ್ರವನ್ನು ತಂದಿತು. ಧಾನ್ಯದ ಸ್ಥಿತಿಯು ಈ ಎರಡರಂತೆಯೂ ಇಲ್ಲ.

ಲೆಕ್ಕದಿಂದ ಇದನ್ನು ತೋರಿಸಬಹುದು. ನೂರು ಕಿಲೋಗ್ರಾಂ ಭತ್ತದಲ್ಲಿ ನೂರಕ್ಕೆ ೨೨ರಷ್ಟು ತೇವವಿದೆಯೆಂದು ತಿಳಿಯೋಣ. ಒಣ ಪದಾರ್ಥ ೭೮ ಕಿಲೋಗ್ರಾಂ. ತೇವವನ್ನು ನೂರಕ್ಕೆ ೧೭ಕ್ಕೆ ಇಳಿಸಿದರೆ ಉಳಿಯುವ ತೂಕ ಸುಮಾರು ೯೪ ಕಿಲೋಗ್ರಾಂ. ದಾಸ್ತಾನಿಗೆ ಯೋಗ್ಯವಾದ ೧೪ಕ್ಕೆ ಇಳಿಸಿದರೆ ಸುಮಾರು ೯೦.೭. ಎಂದರೆ ಚೆನ್ನಾಗಿ ಒಣಗಿಸಿದ ರೈತನು ನೂರು ಕಿಲೋಗ್ರಾಮಿಗೆ ಒಂಬತ್ತು ಕಿಲೋಗ್ರಾಮಿಗೂ ಮಿಗಿಲಾದ ತೂಕವನ್ನು ಗಾಳಿಗೆ ಬಿಟ್ಟಂತಾಯಿತು. ಒಣಗಿದುದಕ್ಕೆ ಅಷ್ಟೇ ಪ್ರಮಾಣದಲ್ಲಿ ಹೆಚ್ಚಿನ ಬೆಲೆ ಸಿಕ್ಕದಿದ್ದರೆ ಅವನು ಕೂಲಿಯ ಜೊತೆಗೆ ತೂಕವನ್ನೂ ಕಳೆದುಕೊಳ್ಳುವನು. ಒಣಗಿಸದೆ ತಂದರೆ ವ್ಯಾಪಾರಿಯು ತೇವದ ನೆಪದಲ್ಲಿ ಬೆಲೆಯನ್ನು ಮುರಿಯುವನು. ಹೀಗೆ ಧಾನ್ಯದಲ್ಲಿ ಒಣಗಿಸುವ ಹೊಣೆ ಬೆಳೆಗಾರನದು, ಅದರ ಪ್ರತಿಫಲ ಮಾತ್ರ ಅನಿಶ್ಚಿತವಾದುದು. ಬಿಸಿಲು ಪುಕ್ಕಟೆಯಾಗಿ ಸಿಕ್ಕುವವರೆಗೆ ಈ ಅನ್ಯಾಯವು ಯಾರ ಕಣ್ಣಿಗೂ ಬೀಳಲಿಲ್ಲ.

೪

ಧಾನ್ಯವನ್ನು ಬಿಸಿಗಾಳಿಯಿಂದ ಒಣಗಿಸುವ ಯಂತ್ರವು ಮೊದಲು ಬಂದುದು ರೈತನ ಕಣಕ್ಕಲ್ಲ, ಅಕ್ಕಿಯ ಗಿರಣಿಗೆ. ಅಲ್ಲಿಯೂ ವಿಶೇಷವಾಗಿ ಕುಸುಬಲಕ್ಕಿಯ ಗಿರಣಿಗೆ. ನೆನೆಸಿ ಹಬೆಯಲ್ಲಿ ಬೇಯಿಸಿದ ಭತ್ತದಲ್ಲಿ ತೇವವು ನೂರಕ್ಕೆ ೩೦ನ್ನು ಮೀರುವುದು; ಅದು ಒಂದು ದಿನವೂ ಕಾಯದು. ಮಳೆಯ ದಿನಗಳಲ್ಲಿ ಸಿಮೆಂಟಿನ ಅಂಗಳವಿದ್ದೂ ಗಿರಣಿ ನಿಲ್ಲುತ್ತಿದ್ದಿತು. ಹಸಿ ಅಕ್ಕಿಯನ್ನೇ ಹೆಚ್ಚಾಗಿ ಉಣ್ಣುವ ಹಳೆಯ ಮೈಸೂರಿನ ಕಡೆ ಇಂಥ ಒತ್ತಾಯ ಕಡಮೆಯಿದ್ದುದು ಸಹಜ.

ಆದರೂ ಈ ವಿಷಯದ ಮುಖ್ಯವಾದ ಸಂಶೋಧನೆ ನಡೆದುದು ಮೈಸೂರು ನಗರದಲ್ಲಿಯೇ. ೧೯೫೦ನೆಯ ಅಕ್ಟೋಬರ್ ೨೧ರಂದು ಚೆಲುವಾಂಬ ವಿಲಾಸದಲ್ಲಿ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯವು ಪ್ರಾರಂಭವಾಯಿತು. ಭತ್ತವನ್ನು ತಣ್ಣೀರಿನಲ್ಲಿ ಎರಡು ಮೂರು ದಿನ ನೆನೆಸಿ ದುರ್ವಾಸನೆ ಬರಿಸುವುದಕ್ಕೆ ಬದಲಾಗಿ, ೬೫-೭೦ ಡಿಗ್ರಿಯ ಬಿಸಿನೀರಿನಲ್ಲಿ ಮೂರು ನಾಲ್ಕು ಗಂಟೆ ನೆನೆಸಿ ಹಬೆ ಕೊಡುವ ವಿಧಾನವನ್ನು ಈ ಸಂಸ್ಥೆಯು ೧೯೫೦ರ ದಶಕದಲ್ಲಿ ರೂಪಿಸಿತು. ಮುಂದೆ ೧೯೬೭ರಲ್ಲಿ ಇಲ್ಲಿಯ ಕೆ. ಆರ್. ಭಟ್ಟಾಚಾರ್ಯ ಮತ್ತು ವೈ. ಎಂ. ಇಂದೂಧರಸ್ವಾಮಿ ಅವರು ಬೇಯಿಸಿದ ಭತ್ತವನ್ನು ಒಣಗಿಸುವ ಕ್ರಮವನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ತೇವವು ನೂರಕ್ಕೆ ಸುಮಾರು ೧೬ಕ್ಕೆ ಇಳಿಯುವವರೆಗೆ ಬೇಗ ಒಣಗಿಸಿದರೂ ಕಾಳು ಒಡೆಯದು. ಅದಕ್ಕೂ ಕೆಳಗೆ ಇಳಿಯುವಾಗ ಸೀಳುಗಳು ಹುಟ್ಟಿ ಗಿರಣಿಯಲ್ಲಿ ನುಚ್ಚು ಹೆಚ್ಚುವುದು. ಆದುದರಿಂದ ಆ ಹಂತದಲ್ಲಿ ನಿಲ್ಲಿಸಿ, ರಾಶಿಯಲ್ಲಿ ಕೆಲವು ಗಂಟೆ ಬಿಟ್ಟು, ಎರಡನೆಯ ಸಲ ಒಣಗಿಸಬೇಕು ಎಂಬುದು ಅದರ ಸಾರಾಂಶ. ಕಣದಲ್ಲಿ ಸಂಜೆ ಗುಡ್ಡೆಮಾಡಿ ಬೆಳಿಗ್ಗೆ ಹರಡುತ್ತಿದ್ದ ಪದ್ಧತಿಯನ್ನು ವಾಚಕರು ಇಲ್ಲಿ ನೆನೆಯಬಹುದು. ಎರಡರ ತತ್ತ್ವವೂ ಒಂದೇ. ವ್ಯತ್ಯಾಸವೇನೆಂದರೆ ಎಷ್ಟು ತೇವದಲ್ಲಿ, ಎಷ್ಟು ಹೊತ್ತು ಎಂಬುದನ್ನು ಪ್ರಯೋಗಶಾಲೆಯು ಅಳೆದು ಹೇಳಿತು.

ಯಂತ್ರದ ರಚನೆಯನ್ನು ಸಂಕ್ಷೇಪವಾಗಿ ತಿಳಿಸುವೆವು. ಗಿರಣಿಗಳಲ್ಲಿ ಬಳಕೆಗೆ ಬಂದ ಒಂದು ಮಾದರಿಗೆ ಅಮೆರಿಕದ ಲೂಯಿಸಿಯಾನ ರಾಜ್ಯ ವಿಶ್ವವಿದ್ಯಾನಿಲಯದ ಹೆಸರೇ ನಿಂತಿದೆ. ಎತ್ತರವಾದ ಪೆಟ್ಟಿಗೆಯೊಳಗೆ ತಲೆಕೆಳಗಾದ ಹಾರೆಗೋಲಿನ ಛಾವಣಿಯಂತೆ, ಎಂದರೆ ಮನೆಯ ಸೂರಿನ ಆಕಾರದಲ್ಲಿ, ಮಡಿಸಿದ ತಗಡಿನ ಕಾಲುವೆಗಳ ಸಾಲುಗಳಿರುವುವು. ಒಂದು ಸಾಲಿನಿಂದ ಬಿಸಿಗಾಳಿಯು ಒಳಬರುವುದು, ಅದರ ಮೇಲಿನ ಮತ್ತು ಕೆಳಗಿನ ಸಾಲುಗಳಿಂದ ತೇವ ತುಂಬಿದ ಗಾಳಿಯು ಹೊರಹೋಗುವುದು. ಭತ್ತವು ಸೂರುಗಳ ನಡುವೆ ತನ್ನ ಭಾರದಿಂದಲೇ ಜಾರುತ್ತ, ಮಗುಚುತ್ತ ಕೆಳಗಿಳಿಯುವುದು. ಅದನ್ನು ಮತ್ತೆ ಮೇಲಕ್ಕೆ ಎತ್ತಿಹಾಕುವರು. ಬೇಯಿಸಿದ ಭತ್ತವು ಮೊದಲ ಹಂತದಲ್ಲಿ ೮೦ ಡಿಗ್ರಿಗೂ ಮೀರಿದ ಗಾಳಿಯನ್ನು ತಾಳಬಲ್ಲದು. ಬಿತ್ತನೆಯ ಭತ್ತಕ್ಕಾದರೋ ಸುಮಾರು ೪೩ ಡಿಗ್ರಿಯನ್ನು ಮೀರಿದರೆ ಮೊಳೆಯುವ ಶಕ್ತಿ ಕುಂದುವುದು. ಮುಂದಿನ ವರ್ಷದ ಬೀಜವನ್ನು ತನ್ನ ರಾಶಿಯಿಂದಲೇ ತೆಗೆದಿಡುತ್ತಿದ್ದ ರೈತನಿಗೆ ಇದು ಚಿಕ್ಕ ವಿಷಯವಲ್ಲ.

ಇಂಧನದ ಮಾತನ್ನೂ ಇಲ್ಲಿ ಹೇಳಬೇಕು. ಭತ್ತದ ತೂಕದ ಸುಮಾರು ಐದನೆಯ ಒಂದು ಭಾಗ ಹೊಟ್ಟು. ಮೇಲೆ ಹೇಳಿದ ೯೦ ಕಿಲೋಗ್ರಾಂ ಒಣ ಭತ್ತದಿಂದ ೧೮ ಕಿಲೋಗ್ರಾಂ ಹೊಟ್ಟು ಬರುವುದು. ಕಿಲೋಗ್ರಾಮಿಗೆ ೩,೦೦೦ ಕಿಲೋಕ್ಯಾಲೊರಿಯಂತೆ ಹಿಡಿದರೂ ೫೪,೦೦೦ ಕಿಲೋಕ್ಯಾಲೊರಿ ಶಾಖ. ಒಂಬತ್ತು ಚಿಲ್ಲರೆ ಕಿಲೋಗ್ರಾಂ ನೀರನ್ನು ಆವಿಮಾಡಲು ಬೇಕಾದುದು ಸುಮಾರು ೫,೬೦೦. ಶಾಖದಲ್ಲಿ ಮುಕ್ಕಾಲು ಪಾಲು ವ್ಯರ್ಥವಾದರೂ ಏಳೆಂಟು ಕಿಲೋಗ್ರಾಂ ಹೊಟ್ಟು ಸಾಕು. ಭತ್ತವನ್ನು ಒಣಗಿಸುವ ಸೌದೆಯು ಭತ್ತದೊಳಗೇ ಇದೆ ಎಂದಾಯಿತು. ಆದರೆ ಆ ಹೊಟ್ಟು ದೊರೆಯುವುದು ಗಿರಣಿಯಲ್ಲಿ. ರೈತನ ಕಣದಲ್ಲಿ ಅಲ್ಲ. ಯಂತ್ರವು ಗಿರಣಿಯ ಪಕ್ಷವನ್ನು ಸೇರಿದುದಕ್ಕೆ ಇದೂ ಒಂದು ಕಾರಣ.

೫

ಇಷ್ಟರಲ್ಲಿ ನಮ್ಮ ಕ್ಷೇತ್ರದ ಹಳೆಯ ಹೊಂದಾಣಿಕೆ ಒಡೆಯಿತು. ೧೯೬೬ರಲ್ಲಿ ಐ. ಆರ್. ೮, ೧೯೬೮ರಲ್ಲಿ ಜಯ ಎಂಬ ಅಧಿಕ ಇಳುವರಿಯ ತಳಿಗಳು ಬಿಡುಗಡೆಯಾದುವು. ಇವು ಹಗಲಿನ ಉದ್ದವನ್ನು ನೋಡುವುವಲ್ಲ. ಬಿತ್ತಿದ ದಿನದಿಂದ ಎಣಿಸಿ ಮಾಗುವುವು. ಬೀಚನಹಳ್ಳಿಯ ಬಳಿ ಕಪಿಲೆಗೆ ಕಟ್ಟಿದ ಕಬಿನಿ ಜಲಾಶಯವು ೧೯೭೪ರಲ್ಲಿ ಪೂರ್ಣವಾಗಿ, ಅದರ ನಾಲೆಗಳು ನಂಜನಗೂಡು ಸೀಮೆಯ ಬೆದ್ದಲನ್ನು ಗದ್ದೆಯಾಗಿ ಮಾಡಿದುವು. ನಾಲೆಯಲ್ಲಿ ನೀರು ಬಿಟ್ಟ ದಿನವೇ ಬಿತ್ತನೆಯ ದಿನವಾಯಿತು. ನೀರಿನ ಅನುಕೂಲವಿದ್ದಲ್ಲಿ ಬೇಸಿಗೆಯ ಭತ್ತವೂ ಬಂದಿತು. ಅದರ ಕೊಯ್ಲು ಏಪ್ರಿಲ್, ಮೇ ತಿಂಗಳುಗಳಿಗೆ, ಎಂದರೆ ಮಳೆಯ ಮೊದಲನೆಯ ಶಿಖರಕ್ಕೆ ಎದುರಾಗಿ ಬೀಳುವುದು.

ಇದೇ ಕಾವೇರಿಯ ಕೆಳದಂಡೆಯಲ್ಲಿ ತಂಜಾವೂರಿನವರು ಇಂಥ ಕಷ್ಟವನ್ನು ಇನ್ನೂ ಮೊದಲೇ ಅನುಭವಿಸಿದರು. ಅಲ್ಲಿ ೧೯೬೦ರ ದಶಕದಲ್ಲಿ ಎ. ಡಿ. ಟಿ. ೨೭ ಎಂಬ ತಳಿಯು ಕುರುವೈ ಬೆಳೆಯಲ್ಲಿ ಹರಡಿದಾಗ, ಅದರ ಕೊಯ್ಲು ಈಶಾನ್ಯ ಮಾರುತದ ಮಳೆಗೆ ಸಿಕ್ಕಿತು. ನೆನೆದ ಭತ್ತವನ್ನು ಉಳಿಸುವ ಯತ್ನದಿಂದಲೇ ತಿರುವಾರೂರಿನಲ್ಲಿ ಭತ್ತ ಸಂಸ್ಕರಣೆಯ ಸಂಶೋಧನ ಕೇಂದ್ರವು ಬೆಳೆಯಿತು. ಹೊಸ ತಳಿಯನ್ನು ಕೊಟ್ಟವರೇ ಒಣಗಿಸುವ ಸಾಧನವನ್ನೂ ಕೊಡಬೇಕೆಂಬ ಪಾಠವನ್ನು ಇದರಿಂದ ಕಲಿಯಬಹುದಾಗಿತ್ತು.

ನಮ್ಮ ಸೀಮೆಯಲ್ಲಿ ಆದುದು ಬೇರೆ. ಮನೆಗಳೂ ನಿವೇಶನಗಳೂ ಹೆಚ್ಚಿ ಊರಹೊರಗಿನ ಕಣಗಳು ಕಿರಿದಾದುವು. ಡಾಂಬರು ರಸ್ತೆಯೇ ಕಣವಾಯಿತು. ರಾಗಿ, ಹುರುಳಿಗಳ ಕಂತೆಯನ್ನು ರಸ್ತೆಗೆ ಹರಡಿ ವಾಹನಗಳ ಚಕ್ರದಿಂದ ಒಕ್ಕುವುದೂ, ಭತ್ತವನ್ನು ರಸ್ತೆಯ ಅರ್ಧಭಾಗದಲ್ಲಿ ಹರಡಿ ಅಂಚಿಗೆ ಕಲ್ಲಿಡುವುದೂ ಈ ದಾರಿಗಳಲ್ಲಿ ಸಂಚರಿಸುವವರೆಲ್ಲರೂ ಕಂಡ ದೃಶ್ಯ. ಇದರಿಂದ ಅಪಘಾತಗಳಾಗುವುದು ನಿಜ. ಅದನ್ನು ತಡೆಯಬೇಕಾದುದೂ ನಿಜ. ಆದರೆ ಇದನ್ನು ರೈತನ ಅಶಿಸ್ತು ಎಂದು ಮಾತ್ರ ಬಗೆಯುವುದು ಇತಿಹಾಸದೃಷ್ಟಿಯಲ್ಲ. ಕಪ್ಪು ಡಾಂಬರು ಬಿಸಿಲನ್ನು ಹೀರಿ ಕಾಯುವುದು. ಅದು ಬಡವನಿಗೆ ದೊರೆತ ಒಣಗಿಸುವ ಯಂತ್ರ.

ಬಳಿಕ ಕೊಯ್ಲಿನ ದೊಡ್ಡ ಯಂತ್ರಗಳು ಬಂದುವು. ಇವು ಕೊಯ್ಯುವುದು, ಒಕ್ಕುವುದು, ತೂರುವುದು ಮೂರನ್ನೂ ಒಂದೇ ಓಟದಲ್ಲಿ ಮುಗಿಸುವುವು. ಅರಿ, ಮೆದೆ ಎಂಬ ಎರಡು ಹಂತಗಳು ಇದರಿಂದ ಅಳಿದುವು. ಹುಲ್ಲಿನ ನೆರಳಿನಲ್ಲಿ ವಾರಗಳ ಕಾಲ ನಿಧಾನವಾಗಿ ಒಣಗುತ್ತಿದ್ದ ಕಾಳು ಈಗ ನೂರಕ್ಕೆ ೨೦ಕ್ಕೂ ಮಿಗಿಲಾದ ತೇವದೊಡನೆ ಮಧ್ಯಾಹ್ನಕ್ಕೇ ಚೀಲದಲ್ಲಿರುವುದು. ಬೆಂಬಲ ಬೆಲೆಗೆ ಭತ್ತವನ್ನು ಕೊಳ್ಳುವ ಕೇಂದ್ರದಲ್ಲಿ ತೇವದ ಮೇಲ್ಮಿತಿ ನೂರಕ್ಕೆ ೧೭. ಹಲ್ಲಿನ ಪರೀಕ್ಷೆಯ ಸ್ಥಾನದಲ್ಲಿ ಮಾಪಕ ಯಂತ್ರವು ಬಂದಿದೆ. ಅಳೆಯುವ ಯಂತ್ರವು ರೈತನ ಎದುರಿಗಿದೆ. ಒಣಗಿಸುವ ಯಂತ್ರವು ಗಿರಣಿಯ ಗೋಡೆಯ ಒಳಗಿದೆ.

೬

ಇದುವರೆಗಿನ ವಿಚಾರದಿಂದ ನಾವು ಈ ತೀರ್ಮಾನಕ್ಕೆ ಬರಬಹುದು. ಧಾನ್ಯವನ್ನು ಶಾಖದಿಂದ ಒಣಗಿಸುವ ಯಂತ್ರವು ಈ ಪ್ರಾಂತದ ಹೊಲಗಳಿಗೆ ತಡವಾಗಿ ಮುಟ್ಟಿದುದಕ್ಕೆ ಜನರ ಅಜ್ಞಾನವಾಗಲಿ ಹಳಮೆಯ ಮೇಲಿನ ಮೋಹವಾಗಲಿ ಕಾರಣವಲ್ಲ. ಬಹುಕಾಲ ಅದರ ಆವಶ್ಯಕತೆ ಇರಲಿಲ್ಲ. ಆವಶ್ಯಕತೆ ಬಂದಾಗ ಒಣಗಿಸಿದವನಿಗೆ ಪ್ರತಿಫಲವಿರಲಿಲ್ಲ. ಬಡತನವೊಂದೇ ಕಾರಣವೆಂದು ಕೆಲವರು ಹೇಳಬಹುದು. ಇದೇ ಜಿಲ್ಲೆಯ ಸಣ್ಣ ರೈತರು ಹೊಗೆಸೊಪ್ಪಿಗಾಗಿ ಒಲೆ ಹೂಡಿ ಕೋಣೆ ಕಟ್ಟಿದ ನಿದರ್ಶನವು ಆ ವಾದವನ್ನು ಪೂರ್ಣವಾಗಿ ಒಪ್ಪಲು ಬಿಡುವುದಿಲ್ಲ. ನೀರು ತೆಗೆದುದಕ್ಕೆ ಬೆಲೆ ಕೊಟ್ಟಲ್ಲಿ ಯಂತ್ರ ಬಂದಿತು. ಕೊಡದಲ್ಲಿ ಬಿಸಿಲೇ ಗತಿಯಾಯಿತು.

ತಾಂತ್ರಿಕ ಜ್ಞಾನವು ಹತ್ತಿರದಲ್ಲಿದ್ದರೆ ಸಾಲದೆಂಬುದಕ್ಕೂ ಈ ಸೀಮೆಯೇ ಸಾಕ್ಷಿ. ಚೆಲುವಾಂಬ ವಿಲಾಸದಿಂದ ನಂಜನಗೂಡಿಗೆ ಸುಮಾರು ೨೫ ಕಿಲೋಮೀಟರು, ನರಸೀಪುರಕ್ಕೆ ಸುಮಾರು ೩೦. ಅಲ್ಲಿ ಅಳೆದು ಹೇಳಿದ ಸೂತ್ರವು ದೂರದ ಗಿರಣಿಗಳನ್ನು ಸೇರಿತು. ಪಕ್ಕದ ಕಣವನ್ನು ಸೇರಲು ಮಾತ್ರ ದಾರಿಯಿರಲಿಲ್ಲ. ಹಲವು ಊರುಗಳ ರೈತರು ಕೂಡಿ, ಗಿರಣಿಯ ಹೊಟ್ಟನ್ನೇ ಇಂಧನವಾಗಿ ಬಳಸಿ, ಕಣದ ಮಗ್ಗುಲಲ್ಲಿಯೇ ಒಣಗಿಸುವ ಯಂತ್ರವನ್ನು ಇಟ್ಟುಕೊಳ್ಳುವುದು ಅಸಾಧ್ಯವಲ್ಲವೆಂದು ಮೇಲಿನ ಲೆಕ್ಕವು ತೋರಿಸುತ್ತದೆ. ಆದರೆ ತೂಕದ ಜೊತೆಗೆ ಒಣಗಿನ ಗುಣವನ್ನೂ ಎಣಿಸಿ ಬೆಲೆ ಕಟ್ಟದ ಹೊರತು ಅದು ನಿಲ್ಲಲಾರದು.

ವಿದ್ಯಾರ್ಥಿಗಳಲ್ಲಿ ಒಂದು ಮಾತನ್ನು ಅರಿಕೆಮಾಡಿ ಈ ಲೇಖನವನ್ನು ಮುಗಿಸುವೆವು. ಮೇಟಿಯ ಸುತ್ತ ಎತ್ತು ತಿರುಗಿಸಿದವರು, ಹಗೇವಿಗೆ ಇಳಿದವರು, ಕಾಳನ್ನು ಕಚ್ಚಿ ತೇವವನ್ನು ಹೇಳಬಲ್ಲವರು ಈ ತಾಲ್ಲೂಕುಗಳ ಊರುಗಳಲ್ಲಿ ಇನ್ನೂ ಇದ್ದಾರೆ. ಶಾಸನಗಳು ಗದ್ದೆಯ ಎಲ್ಲೆಯನ್ನೂ ಖಂಡುಗದ ಲೆಕ್ಕವನ್ನೂ ಹೇಳುವುವು. ಕಾಳು ಹೇಗೆ ಒಣಗಿತೆಂಬುದನ್ನು ಹೇಳುವವರು ಇವರು ಮಾತ್ರ. ತಮ್ಮ ಊರಿನ ಕಣವು ಎಲ್ಲಿದ್ದಿತು, ಯಾವ ವರ್ಷದವರೆಗೆ ಇದ್ದಿತು, ಆ ಜಾಗದಲ್ಲಿ ಈಗ ಏನಿದೆ ಎಂಬ ಮೂರು ಸಂಗತಿಗಳನ್ನು ಒಬ್ಬೊಬ್ಬ ವಿದ್ಯಾರ್ಥಿಯೂ ಬರೆದು ತಂದರೆ, ಈ ಇತಿಹಾಸದ ಮುಂದಿನ ಅಧ್ಯಾಯಕ್ಕೆ ಬೇಕಾದ ಸಾಮಗ್ರಿ ತಾನಾಗಿಯೇ ಒದಗುವುದು.